ಮನೆಯ ಗೋಡೆಗೆ ಹೊಸ ಪ್ಲಗ್ ಪಾಯಿಂಟ್

ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ 1905ರಲ್ಲಿ ಬೆಂಗಳೂರು ನಗರವನ್ನೂ ತಲಪಿತು. ಆ ಕಾಲದಲ್ಲಿಯೂ ಆಮೇಲೆ ಬಹುವರ್ಷಗಳವರೆಗೂ ಮನೆಯೊಳಗಿನ ವಿದ್ಯುತ್ತೆಂದರೆ ಮುಖ್ಯವಾಗಿ ದೀಪವೆಂದೇ ತಾತ್ಪರ್ಯ. ಇಂದು ಅಡಿಗೆಮನೆಯೊಂದರಲ್ಲಿಯೇ ಮಿಕ್ಸಿ, ಗ್ರೈಂಡರ್, ರೆಫ್ರಿಜರೇಟರ್, ಇಂಡಕ್ಷನ್ ಒಲೆ ಮೊದಲಾದವು ಬಂದು ಕುಳಿತಿವೆ. ಯಂತ್ರಗಳು ಹೆಚ್ಚಿದ ವೇಗದಲ್ಲಿ ಗೋಡೆಯ ಪ್ಲಗ್ ಪಾಯಿಂಟುಗಳು ಹೆಚ್ಚಿಲ್ಲ. ಆದುದರಿಂದ ಇನ್ನೊಂದು ಪಾಯಿಂಟ್ ಬೇಕೆಂಬ ಮಾತು ಒಂದಲ್ಲ ಒಂದು ದಿನ ಪ್ರತಿ ಮನೆಯಲ್ಲಿಯೂ ಹುಟ್ಟುತ್ತದೆ.

2000 ವಾಟ್‌ನ ಇಂಡಕ್ಷನ್ ಒಲೆಯೊಂದು ಮನೆಗೆ ಬಂದಿತೆಂದು ಇಟ್ಟುಕೊಳ್ಳೋಣ. ಅದನ್ನಿಡಬೇಕಾದ ಕಟ್ಟೆಯ ಬಳಿ ಸಾಕೆಟ್ ಇಲ್ಲ. ನಾಲ್ಕು ಅಡಿ ದೂರದಲ್ಲಿ ದೀಪದ ಸ್ವಿಚ್‌ಬೋರ್ಡು ಮಾತ್ರ ಇದೆ. "ಆ ಬೋರ್ಡಿನಿಂದಲೇ ಎರಡು ತಂತಿ ಎಳೆದರೆ ಆಯಿತಲ್ಲ?" ಎಂದು ಯಾರಾದರೂ ಹೇಳುವುದು ಸಹಜ. ಹಾಗೆ ಮಾಡಿದರೆ ಒಲೆಯೇನೋ ಉರಿಯುತ್ತದೆ. ಆದರೆ ಒಲೆ ಉರಿದ ಮಾತ್ರಕ್ಕೆ ಆ ಸಾಕೆಟ್ ಸರಿಯಾಗಿದೆಯೆಂದು ತಿಳಿಯುವುದು ಅಪಾಯಕರವಾದ ಭ್ರಮೆ. ಕಣ್ಣಿಗೆ ಕಾಣುವ ಮೂರು ರಂಧ್ರಗಳು ಒಂದು ದೀರ್ಘವಾದ ದಾರಿಯ ತುದಿ ಮಾತ್ರ. ಆ ದಾರಿಯ ಉದ್ದಕ್ಕೂ ಏನಿದೆಯೆಂಬುದನ್ನು ಅವಲಂಬಿಸಿಯೇ ಸಾಕೆಟ್‌ನ ಗುಣಾವಗುಣಗಳು ನಿರ್ಧಾರವಾಗುತ್ತವೆ. ಪ್ರೌಢಶಾಲೆಯಲ್ಲಿ ನಾವು ಓದಿದ ಓಮನ ನಿಯಮ ಮತ್ತು ಜೂಲನ ನಿಯಮ, ಇವೆರಡೇ ಸಾಕು. ಆ ದಾರಿಯನ್ನು ಪರೀಕ್ಷಿಸಿ ನೋಡೋಣ.

ಹೋಗುವ ದಾರಿ, ಬರುವ ದಾರಿ

ನಮ್ಮ ದೇಶದ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟ್‌ಗಳ, ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ಪ್ರವಾಹವಾಗಿದೆ. ಬೀದಿಯ ಟ್ರಾನ್ಸ್‌ಫಾರ್ಮರ್‌ನಿಂದ ಮೀಟರಿಗೆ ಎರಡು ತಂತಿಗಳು ಬರುತ್ತವೆ. ಒಂದು ಫೇಸ್ ತಂತಿ. ನೆಲಕ್ಕೂ ಅದಕ್ಕೂ 230 ವೋಲ್ಟ್‌ಗಳ ವಿಭವಾಂತರವಿರುತ್ತದೆ. ಇನ್ನೊಂದು ನ್ಯೂಟ್ರಲ್ ತಂತಿ. ಇದನ್ನು ಟ್ರಾನ್ಸ್‌ಫಾರ್ಮರ್‌ನ ಬಳಿ ನೆಲಕ್ಕೆ ಜೋಡಿಸಿರುವುದರಿಂದ ಇದರ ವಿಭವ ನೆಲದ ವಿಭವಕ್ಕೆ ಬಹಳ ಹತ್ತಿರವಾಗಿರುತ್ತದೆ. ಫೇಸ್ ತಂತಿಯಿಂದ ಯಂತ್ರದ ಮೂಲಕ ನ್ಯೂಟ್ರಲ್ ತಂತಿಗೆ ಮಂಡಲವು ಪೂರ್ಣವಾದಾಗ ಮಾತ್ರ ಪ್ರವಾಹ ಹರಿಯುತ್ತದೆ.

ಇಂಡಕ್ಷನ್ ಒಲೆಗೆ ಎಷ್ಟು ಪ್ರವಾಹ ಬೇಕು? ಸಾಮರ್ಥ್ಯವನ್ನು ವೋಲ್ಟೇಜಿನಿಂದ ಭಾಗಿಸಿದರೆ, 2000 ÷ 230, ಅಂದರೆ ಸುಮಾರು 8.7 ಆಂಪಿಯರ್ ಎಂದು ತಿಳಿಯುತ್ತದೆ. ನಮ್ಮ ಮನೆಗಳಲ್ಲಿ ಕಾಣುವ ಸಾಕೆಟ್‌ಗಳಲ್ಲಿ ಎರಡು ಅಳತೆಗಳಿವೆ: ಚಿಕ್ಕದು 6 ಆಂಪಿಯರ್‌ನದು, ದೊಡ್ಡದು 16 ಆಂಪಿಯರ್‌ನದು. ಹಳೆಯ ಮನೆಗಳಲ್ಲಿ ಇವೇ 5 ಮತ್ತು 15 ಆಂಪಿಯರ್‌ಗಳೆಂದು ಹೆಸರು ಪಡೆದಿದ್ದವು. 8.7 ಆಂಪಿಯರ್ ಬೇಡುವ ಒಲೆಗೆ ಚಿಕ್ಕ ಸಾಕೆಟ್ ಸಲ್ಲದೆಂಬುದು ಸ್ಪಷ್ಟ. ಆದರೆ ದೀಪದ ತಂತಿಯ ತುದಿಗೆ ದೊಡ್ಡ ಸಾಕೆಟ್ ಸಿಕ್ಕಿಸಿದರೆ ಸಾಲದೆ? ಇದಕ್ಕೆ ಉತ್ತರ ತಂತಿಯ ದಪ್ಪದಲ್ಲಿದೆ.

ತಂತಿಯ ದಪ್ಪವೂ ಉಷ್ಣದ ಲೆಕ್ಕವೂ

ತಾಮ್ರವು ಉತ್ತಮ ವಾಹಕವಾದರೂ ಅದಕ್ಕೂ ಸ್ವಲ್ಪ ರೋಧವುಂಟು. ರೋಧವು ತಂತಿಯ ಉದ್ದದೊಡನೆ ಹೆಚ್ಚುತ್ತದೆ, ದಪ್ಪದೊಡನೆ ಕಡಿಮೆಯಾಗುತ್ತದೆ. ದೀಪಗಳಿಗಾಗಿ ಎಳೆದ ತಂತಿಯ ಅಡ್ಡಕೊಯ್ತ 1 ಚದರ ಮಿಲಿಮೀಟರ್ ಇದೆಯೆಂದೂ, ಮುಖ್ಯ ಬೋರ್ಡಿನಿಂದ ಅಡಿಗೆಮನೆಗೆ 15 ಮೀಟರ್ ದೂರವಿದೆಯೆಂದೂ ಭಾವಿಸೋಣ. ಪ್ರವಾಹವು ಹೋಗಿ ಹಿಂದಿರುಗಬೇಕಾದುದರಿಂದ ತಂತಿಯ ಒಟ್ಟು ಉದ್ದ 30 ಮೀಟರ್. ತಾಮ್ರದ ವಿಶಿಷ್ಟ ರೋಧದಿಂದ ಲೆಕ್ಕ ಹಾಕಿದರೆ ಈ ತಂತಿಯ ರೋಧ ಸುಮಾರು 0.52 ಓಮ್.

ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಕೋಣೆಯ ದೀಪಗಳೂ ಫ್ಯಾನೂ ಸೇರಿ 200 ವಾಟ್ ಎಂದರೆ ಪ್ರವಾಹ 0.87 ಆಂಪಿಯರ್, ತಂತಿಯಲ್ಲಿ ವ್ಯಯವಾಗುವುದು ಕೇವಲ 0.4 ವಾಟ್. ಇದೇ ತಂತಿಗೆ 2000 ವಾಟ್‌ನ ಒಲೆಯನ್ನು ಜೋಡಿಸಿದರೆ ಪ್ರವಾಹ ಹತ್ತು ಪಾಲಾಗುತ್ತದೆ. ಉಷ್ಣವಾದರೋ ನೂರು ಪಾಲಾಗಿ 39 ವಾಟ್‌ಗೆ ಏರುತ್ತದೆ. ಒಲೆಯ ಪಕ್ಕದಲ್ಲಿಯೇ 1500 ವಾಟ್‌ನ ಕೆಟಲ್ಲನ್ನೂ ಹಚ್ಚಿದರೆ ಪ್ರವಾಹ 15.2 ಆಂಪಿಯರ್, ಉಷ್ಣ ಸುಮಾರು 120 ವಾಟ್. ಇದೆಲ್ಲವೂ ಗೋಡೆಯ ಗಾರೆಯೊಳಗೆ, ಗಾಳಿಯಾಡದ ಕೊಳವೆಯಲ್ಲಿ, ಯಾರ ಕಣ್ಣಿಗೂ ಬೀಳದೆ ನಡೆಯುತ್ತಿರುತ್ತದೆ. ತಂತಿಯ ಸಾಮಾನ್ಯ ಪಿ.ವಿ.ಸಿ. ಹೊದಿಕೆ 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಕಾವಿಗೆ ತಕ್ಕುದಾಗಿ ತಯಾರಾದುದು. ಅದಕ್ಕಿಂತ ಹೆಚ್ಚು ಕಾವನ್ನು ಪದೇಪದೇ ಅನುಭವಿಸಿದ ಹೊದಿಕೆ ಕ್ರಮೇಣ ಬಿರುಸಾಗಿ ಬಿರುಕು ಬಿಡುತ್ತದೆ. ಅಂದು ಹಚ್ಚಿದ ಒಲೆ ಅಂದೇ ಅನಾಹುತ ಮಾಡದಿರಬಹುದು. ಹಲವು ವರ್ಷಗಳ ಅನಂತರ ಮಾಡಬಹುದು.

ಈಗ ಅದೇ 30 ಮೀಟರ್‌ಗೆ 4 ಚದರ ಮಿಲಿಮೀಟರ್‌ನ ತಂತಿಯನ್ನು ಹಾಕೋಣ. ರೋಧ ಕಾಲು ಭಾಗಕ್ಕೆ, ಅಂದರೆ 0.13 ಓಮ್‌ಗೆ ಇಳಿಯುತ್ತದೆ. 15.2 ಆಂಪಿಯರ್ ಹರಿದರೂ ಉಷ್ಣ 30 ವಾಟ್ ಮಾತ್ರ. ಅದನ್ನು ಹೊರಸೂಸಲು ತಂತಿಯ ಮೈಯೂ ದೊಡ್ಡದು. 16 ಆಂಪಿಯರ್‌ನ ಸಾಕೆಟ್‌ಗೆ ಮುಖ್ಯ ಬೋರ್ಡಿನಿಂದಲೇ ಬೇರೆಯಾದ, 4 ಚದರ ಮಿಲಿಮೀಟರ್‌ನ ತಂತಿಯನ್ನು ಎಳೆಯುವ ರೂಢಿ ಬಂದಿರುವುದು ಇದಕ್ಕಾಗಿಯೇ.

ತಂತಿ ಎಷ್ಟೇ ದಪ್ಪವಿದ್ದರೂ ಜೋಡಣೆ ಸಡಿಲವಾಗಿದ್ದರೆ ಪ್ರಯೋಜನವಿಲ್ಲ. ಸಾಕೆಟ್‌ನ ಸ್ಕ್ರೂ ಬಿಗಿಯಾಗದೆ ಅಲ್ಲಿ 0.1 ಓಮ್ ರೋಧ ಉಳಿಯಿತೆನ್ನೋಣ. 15.2 ಆಂಪಿಯರ್ ಹರಿದಾಗ ಆ ಒಂದೇ ಬಿಂದುವಿನಲ್ಲಿ 23 ವಾಟ್ ಉಷ್ಣ ಹುಟ್ಟುತ್ತದೆ. ಬೆಸುಗೆ ಹಾಕಲು ಬಳಸುವ ಚಿಕ್ಕ ಸಾಲ್ಡರಿಂಗ್ ಐರನ್ನಿನ ಸಾಮರ್ಥ್ಯ 25 ವಾಟ್. ಅದು ಸೀಸ-ತವರಗಳ ಮಿಶ್ರಣವನ್ನು ಕರಗಿಸುತ್ತದೆಂಬುದನ್ನು ನಾವು ಬಲ್ಲೆವು. ಅಂಥದೊಂದು ಐರನ್ನನ್ನು ಪ್ಲಾಸ್ಟಿಕ್ ಸಾಕೆಟ್‌ನ ಬೆನ್ನಿಗೆ ಸದಾ ಒತ್ತಿ ಹಿಡಿದಂತೆ ಇದು. ಇಷ್ಟಲ್ಲದೆ, ಕಾದ ಲೋಹ ಗಾಳಿಯ ಆಮ್ಲಜನಕದೊಡನೆ ಕೂಡಿ ಮೇಲ್ಮೈಯಲ್ಲಿ ಕಿಲುಬು ಬೆಳೆಯುತ್ತದೆ. ಕಿಲುಬಿನಿಂದ ರೋಧ ಹೆಚ್ಚುತ್ತದೆ. ರೋಧದಿಂದ ಇನ್ನಷ್ಟು ಉಷ್ಣ. ಕಪ್ಪಾದ ಸಾಕೆಟ್, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಕೈಗೆ ಬಿಸಿಯೆನಿಸುವ ಪ್ಲಗ್, ಇವೆಲ್ಲವೂ ಈ ವಿಷಚಕ್ರದ ಕುರುಹುಗಳು.

ಫ್ಯೂಸು ಯಾರ ಕಾವಲುಗಾರ?

ಮುಖ್ಯ ಬೋರ್ಡಿನಲ್ಲಿ ಪ್ರತಿಯೊಂದು ಮಂಡಲಕ್ಕೂ ಒಂದು ಫ್ಯೂಸು, ಅಥವಾ ಈಗಿನ ರೂಢಿಯಂತೆ ಎಂ.ಸಿ.ಬಿ. ಎಂಬ ಸ್ವಯಂಚಾಲಿತ ಸ್ವಿಚ್ಚು ಇರುತ್ತದಷ್ಟೆ. ಇದು ಯಂತ್ರವನ್ನೋ ಮನುಷ್ಯನನ್ನೋ ಕಾಯಲು ಇರುವುದೆಂಬುದು ಸಾಮಾನ್ಯ ನಂಬಿಕೆ. ನಿಜವಾಗಿ ಇದು ಕಾಯುವುದು ಗೋಡೆಯೊಳಗಿನ ತಂತಿಯನ್ನು. ತಂತಿಯು ತಡೆಯಬಲ್ಲದ್ದಕ್ಕಿಂತ ಹೆಚ್ಚು ಪ್ರವಾಹ ಹರಿದರೆ ಮಂಡಲವನ್ನು ಕಡಿಯುವುದೇ ಇದರ ಕೆಲಸ. ಆದಕಾರಣ ಎಂ.ಸಿ.ಬಿ.ಯ ಅಳತೆ ತಂತಿಯ ಶಕ್ತಿಗೆ ಒಪ್ಪಬೇಕೇ ಹೊರತು ನಮ್ಮ ಅಪೇಕ್ಷೆಗೆ ಅಲ್ಲ.

ದೀಪದ ಮಂಡಲಕ್ಕೆ 6 ಆಂಪಿಯರ್‌ನ ಎಂ.ಸಿ.ಬಿ. ಇದೆಯೆನ್ನೋಣ. ಒಲೆ ಹಚ್ಚಿದ ಸ್ವಲ್ಪ ಹೊತ್ತಿಗೆ ಅದು ಬೀಳತೊಡಗುತ್ತದೆ. ಆಗ ಬೇಸತ್ತು ಅದನ್ನು ತೆಗೆದು 20 ಆಂಪಿಯರ್‌ನದನ್ನು ಹಾಕಿಸುವವರಿದ್ದಾರೆ. ಹಳೆಯ ಫ್ಯೂಸಾದರೆ ದಪ್ಪ ತಂತಿ ಸುತ್ತುವವರಿದ್ದಾರೆ. ಇದು ನಾಯಿ ಬೊಗಳುತ್ತದೆಂದು ಅದರ ಬಾಯಿ ಕಟ್ಟಿ ಮಲಗಿದಂತೆ. ಒಳಗಿನ 1 ಚದರ ಮಿಲಿಮೀಟರ್‌ನ ತಂತಿ ಮೊದಲಿನದೇ. ಅದು ತಾಳಬಲ್ಲದ್ದು ಸುಮಾರು ಹತ್ತು-ಹನ್ನೊಂದು ಆಂಪಿಯರ್‌ಗಳು. ಈಗ ಅದು ಕೆಂಪಗೆ ಕಾದರೂ ಎಚ್ಚರಿಸುವವರಿಲ್ಲ.

ಮೂರನೆಯ ರಂಧ್ರ

ಈಗ ಸಾಕೆಟ್‌ನ ಮುಖವನ್ನು ನೋಡೋಣ. ನಮ್ಮ ಎದುರಿಗಿರುವಾಗ ಬಲಗಡೆಯ ಕೆಳರಂಧ್ರ ಫೇಸಿಗೆ, ಎಡಗಡೆಯದು ನ್ಯೂಟ್ರಲಿಗೆ. ಮೇಲಿನ ದೊಡ್ಡ ರಂಧ್ರ ಅರ್ತ್, ಅಂದರೆ ಭೂಸಂಪರ್ಕದ್ದು. ಮೇಲಿನ ರಂಧ್ರಕ್ಕೆ ತಂತಿಯನ್ನೇ ಕೊಡದಿದ್ದರೂ ಒಲೆ ಉರಿಯುತ್ತದೆ, ಮಿಕ್ಸಿ ತಿರುಗುತ್ತದೆ. ಎರಡೇ ತಂತಿಗಳ ವೈರಿಂಗ್ ಇರುವ ಹಳೆಯ ಮನೆಗಳಲ್ಲಿ ಮೂರು ರಂಧ್ರಗಳ ಸಾಕೆಟ್ಟನ್ನು ಬರಿದೆ ಅಂದಕ್ಕೆಂಬಂತೆ ಕೂರಿಸಿರುವುದೂ ಉಂಟು. ಹಾಗಾದರೆ ಈ ರಂಧ್ರದ ಪ್ರಯೋಜನವೇನು?

ಗ್ರೈಂಡರಿನ ಒಳಗೆ ತಂತಿಯೊಂದರ ಹೊದಿಕೆ ಸವೆದು ಫೇಸ್ ತಂತಿ ಯಂತ್ರದ ಲೋಹದ ಮೈಗೆ ತಾಕಿತೆಂದು ಭಾವಿಸೋಣ. ಯಂತ್ರ ಎಂದಿನಂತೆ ತಿರುಗುತ್ತಲೇ ಇರುತ್ತದೆ. ಆದರೆ ಅದರ ಮೈಯ ವಿಭವ ಈಗ 230 ವೋಲ್ಟ್. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಹಿಟ್ಟಿನ ಕೈಯಿಂದ ಅದನ್ನು ಮುಟ್ಟಿದವರ ದೇಹದ ರೋಧ ಸುಮಾರು 1000 ಓಮ್ ಎಂದಿಟ್ಟುಕೊಂಡರೆ, ದೇಹದ ಮೂಲಕ 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್ ಹರಿಯುತ್ತದೆ.

ಇದು ಎಷ್ಟು ದೊಡ್ಡ ಪ್ರಮಾಣ? 1 ಮಿಲಿಆಂಪಿಯರ್‌ನ ಆಸುಪಾಸಿನಲ್ಲಿ ಚುರುಕೆನಿಸುತ್ತದೆ. ಅಮೆರಿಕೆಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜೀಲರು ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿ, ಹಿಡಿದ ತಂತಿಯನ್ನು ಸ್ವಪ್ರಯತ್ನದಿಂದ ಬಿಡಬಲ್ಲ ಪ್ರವಾಹದ ಮಿತಿ ಸರಾಸರಿಯಲ್ಲಿ ಗಂಡಸರಿಗೆ 16, ಹೆಂಗಸರಿಗೆ 10.5 ಮಿಲಿಆಂಪಿಯರ್ ಎಂದು ಕಂಡರು. ಅದನ್ನು ಮೀರಿದರೆ ಸ್ನಾಯುಗಳು ಬಿಗಿದು ಕೈ ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಇನ್ನೂ ಹೆಚ್ಚಿದರೆ ಉಸಿರಾಟಕ್ಕೆ ತಡೆ. 50ರಿಂದ 100 ಮಿಲಿಆಂಪಿಯರ್‌ಗಳ ಮಟ್ಟದಲ್ಲಿ ಹೃದಯದ ಬಡಿತವೇ ಲಯ ತಪ್ಪುವ ಅಪಾಯ. 230 ಮಿಲಿಆಂಪಿಯರ್ ಎಂದರೆ ಮಾರಕವೆಂದೇ ಎಣಿಸಬೇಕು. ಆದರೆ 16 ಆಂಪಿಯರ್‌ನ ಎಂ.ಸಿ.ಬಿ.ಗೆ ಇದು ಲೆಕ್ಕಕ್ಕೇ ಬಾರದ ಪ್ರವಾಹ; ಅದು ಅಲುಗುವುದೇ ಇಲ್ಲ.

ಯಂತ್ರದ ಮೈಯಿಂದ ನೆಲಕ್ಕೆ ಅಲ್ಪ ರೋಧದ ಬೇರೊಂದು ದಾರಿಯನ್ನು ಮೊದಲೇ ತೆರೆದಿಡುವುದೇ ಭೂಸಂಪರ್ಕದ ಉದ್ದೇಶ. ಪ್ಲಗ್ಗಿನ ಅರ್ತ್ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದನ್ನು ಗಮನಿಸಿರಬಹುದು. ಪ್ಲಗ್ಗನ್ನು ಚುಚ್ಚುವಾಗ ಭೂಸಂಪರ್ಕ ಎಲ್ಲಕ್ಕಿಂತ ಮೊದಲು ಕೂಡಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಅಗಲಬೇಕು ಎಂಬುದೇ ಇದರ ಹಿಂದಿನ ಯುಕ್ತಿ. ಅದು ದಪ್ಪವಾಗಿರುವುದರಿಂದ ತಪ್ಪಿ ಕೂಡ ಫೇಸಿನ ರಂಧ್ರದೊಳಗೆ ಹೋಗಲಾರದು.

ಮನೆಯಲ್ಲಿ ಅರ್ತ್ ತಂತಿ ಇಲ್ಲವೆಂದು ಸಾಕೆಟ್‌ನ ಮೇಲಿನ ರಂಧ್ರವನ್ನು ನ್ಯೂಟ್ರಲಿಗೇ ಜೋಡಿಸಿಬಿಡುವ ಅಡ್ಡದಾರಿಯೊಂದುಂಟು. ಟೆಸ್ಟ್ ಲ್ಯಾಂಪಿಟ್ಟು ನೋಡಿದರೆ ಫೇಸಿಗೂ ಅದಕ್ಕೂ ನಡುವೆ ದೀಪ ಚೆನ್ನಾಗಿಯೇ ಹತ್ತುತ್ತದೆ. ಆದರೆ ಎಲ್ಲಿಯಾದರೂ ಹಿಂದುಗಡೆ ನ್ಯೂಟ್ರಲ್ ತಂತಿ ತುಂಡಾಯಿತೆನ್ನೋಣ. ಯಂತ್ರದ ಮೂಲಕ ಬಂದ ಪ್ರವಾಹಕ್ಕೆ ಹಿಂದಿರುಗುವ ದಾರಿಯಿಲ್ಲ, ಯಂತ್ರ ನಿಲ್ಲುತ್ತದೆ, ಅದರ ಮೈಯೆಲ್ಲ ಫೇಸಿನ ವಿಭವಕ್ಕೆ ಏರುತ್ತದೆ. ಕೆಟ್ಟಿದೆಯೆಂದು ಮುಟ್ಟಿ ನೋಡಲು ಹೋದವರಿಗೆ ಆಘಾತ ಕಾದಿರುತ್ತದೆ. ಅರ್ತ್ ಇಲ್ಲದಿರುವುದಕ್ಕಿಂತಲೂ ಇದು ಕೆಟ್ಟದ್ದು.

ನೆಲದ ರೋಧ ಮತ್ತು ಆರ್.ಸಿ.ಸಿ.ಬಿ.

ನಮ್ಮಲ್ಲಿ ಅನೇಕ ಮನೆಗಳಿಗೆ ತಮ್ಮದೇ ಆದ ಅರ್ತ್ ಗುಂಡಿ ಇರುತ್ತದೆ. ಕಬ್ಬಿಣದ ಕೊಳವೆಯನ್ನು ಹೂತು ಸುತ್ತಲೂ ಇದ್ದಿಲು ಮತ್ತು ಉಪ್ಪು ತುಂಬುವುದು ಹಳೆಯ ಪದ್ಧತಿ. ಬೇಸಗೆಯಲ್ಲಿ ಅದಕ್ಕೆ ನೀರು ಹೊಯ್ಯಬೇಕೆಂದು ಹಿರಿಯರು ಹೇಳುವ ಮಾತು ಶಾಸ್ತ್ರಸಮ್ಮತವೇ. ಒಣ ಮಣ್ಣಿನ ರೋಧ ಒದ್ದೆ ಮಣ್ಣಿನದಕ್ಕಿಂತ ಬಹಳ ಹೆಚ್ಚು.

ಗುಂಡಿಯ ರೋಧ 8 ಓಮ್, ಟ್ರಾನ್ಸ್‌ಫಾರ್ಮರ್‌ನ ಭೂಸಂಪರ್ಕದ ರೋಧ 2 ಓಮ್, ಒಟ್ಟು 10 ಓಮ್ ಎಂದಿಟ್ಟುಕೊಳ್ಳೋಣ. ಫೇಸ್ ತಂತಿ ಯಂತ್ರದ ಮೈಗೆ ತಾಕಿದಾಗ ಭೂಮಿಯ ಮೂಲಕ ಹರಿಯುವುದು 23 ಆಂಪಿಯರ್. 16 ಆಂಪಿಯರ್‌ನ ಎಂ.ಸಿ.ಬಿ.ಗೆ ಇದು ಸುಮಾರು ಒಂದೂವರೆ ಪಾಲು. ಅಷ್ಟಕ್ಕೆ ಅದು ಬೀಳಲು ಒಂದು ಗಂಟೆಯವರೆಗೂ ಹಿಡಿಯಬಹುದು. ಅಷ್ಟು ಹೊತ್ತೂ ಯಂತ್ರದ ಮೈಯಲ್ಲಿ 23 × 8, ಅಂದರೆ 184 ವೋಲ್ಟ್ ಇರುತ್ತದೆ! ಅರ್ತ್ ಇದ್ದೂ ಪೂರ್ಣ ರಕ್ಷಣೆ ದೊರೆಯಲಿಲ್ಲ.

ಈ ಕೊರತೆಯನ್ನು ತುಂಬುವ ಸಾಧನವೇ ಆರ್.ಸಿ.ಸಿ.ಬಿ. ಇದರೊಳಗೆ ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡೂ ಒಂದೇ ಕಬ್ಬಿಣದ ಬಳೆಯ ಮೂಲಕ ಹಾಯುತ್ತವೆ. ಹೋದಷ್ಟೇ ಪ್ರವಾಹ ಹಿಂದಿರುಗಿದರೆ ಅವುಗಳ ಕಾಂತಪ್ರಭಾವಗಳು ಪರಸ್ಪರ ಅಳಿಸಿಹೋಗುತ್ತವೆ. ಪ್ರವಾಹದ ಒಂದು ಪಾಲು ನೆಲಕ್ಕೆ ಸೋರಿದರೆ ಸಮತೋಲ ಕೆಟ್ಟು, ಬಳೆಗೆ ಸುತ್ತಿದ ಇನ್ನೊಂದು ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗಿ ಸ್ವಿಚ್ಚು ಬೀಳುತ್ತದೆ. ಮನೆಗಳಿಗೆ ತಕ್ಕುದು 30 ಮಿಲಿಆಂಪಿಯರ್‌ನದು. ಸೋರಿಕೆ ಅದರ ಐದು ಪಾಲು, ಅಂದರೆ 150 ಮಿಲಿಆಂಪಿಯರ್ ಆದರೆ 0.04 ಸೆಕೆಂಡಿನೊಳಗೆ ಮಂಡಲ ಕಡಿಯಬೇಕೆಂಬುದು ಅಂತರರಾಷ್ಟ್ರೀಯ ಮಾನಕ. ಹಾಗೆಂದು ಇದು ಸರ್ವರಕ್ಷಕವಲ್ಲ: ಒಂದು ಕೈ ಫೇಸನ್ನೂ ಇನ್ನೊಂದು ಕೈ ನ್ಯೂಟ್ರಲನ್ನೂ ಹಿಡಿದರೆ ಹೋದಷ್ಟೂ ಹಿಂದಿರುಗುವುದರಿಂದ ಇದಕ್ಕೆ ಸುಳಿವೇ ಸಿಗದು. ಇದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದು ಒಳ್ಳೆಯ ರೂಢಿ.

ಕೆಲಸದ ಕ್ರಮ

ಮೇಲಿನ ವಿಚಾರಗಳನ್ನು ತಿಳಿದ ಮೇಲೆ ಹೊಸ ಪಾಯಿಂಟ್ ಹಾಕುವ ಕ್ರಮ ಸುಲಭವಾಗಿ ಅರ್ಥವಾಗುತ್ತದೆ.

ಮೊದಲನೆಯದು ಸ್ಥಳದ ಆಯ್ಕೆ. ನಲ್ಲಿಯ ನೀರು ಸಿಡಿಯುವ ಕಡೆ, ಗ್ಯಾಸ್ ಒಲೆಯ ನೇರಕ್ಕೆ ಮೇಲುಗಡೆ, ಬಚ್ಚಲಿನ ಒದ್ದೆಯಿಂದ ತಂಪೇರುವ ಗೋಡೆ, ಇವು ವರ್ಜ್ಯ.

ಎರಡನೆಯದು ದಾರಿಯ ಆಯ್ಕೆ. ಗೋಡೆಯಲ್ಲಿ ಕೊಳವೆಗಾಗಿ ಕೊರೆಯುವ ಕಾಲುವೆ ನೆಟ್ಟಗೆ ಮೇಲಿಂದ ಕೆಳಕ್ಕೆ, ಇಲ್ಲವೇ ನೇರ ಅಡ್ಡಲಾಗಿ ಸಾಗಬೇಕು, ಓರೆಯಾಗಿ ಅಲ್ಲ. ಮುಂದೆ ಮೊಳೆ ಹೊಡೆಯುವವರು ಸಾಕೆಟ್ಟನ್ನು ನೋಡಿಯೇ ತಂತಿ ಎಲ್ಲಿದೆಯೆಂದು ಊಹಿಸುವಂತಿರಬೇಕು.

ಮೂರನೆಯದು ವಿದ್ಯುತ್ತನ್ನು ನಿಲ್ಲಿಸುವುದು. ಮುಖ್ಯ ಸ್ವಿಚ್ಚನ್ನು ಆರಿಸಿದರೂ ಇನ್ವರ್ಟರ್ ಇರುವ ಮನೆಯಲ್ಲಿ ಬ್ಯಾಟರಿಯಿಂದ 230 ವೋಲ್ಟ್ ಕೆಲವು ತಂತಿಗಳಲ್ಲಿ ಉಳಿದೇ ಇರುತ್ತದೆ. ಅದನ್ನೂ ಬೇರೆಯಾಗಿ ನಿಲ್ಲಿಸಬೇಕು. ಆಮೇಲೆ ಟೆಸ್ಟರಿನ ಪರೀಕ್ಷೆ. ಟೆಸ್ಟರೇ ಕೆಟ್ಟಿದ್ದರೆ ದೀಪ ಹತ್ತದೆ ನಮ್ಮನ್ನು ಮೋಸಗೊಳಿಸುತ್ತದೆ. ಆದುದರಿಂದ ಮೊದಲು ವಿದ್ಯುತ್ತಿರುವುದೆಂದು ಖಚಿತವಾದ ಕಡೆ, ಬಳಿಕ ಕೆಲಸದ ಸ್ಥಳದಲ್ಲಿ, ಪುನಃ ಮೊದಲಿನ ಕಡೆ, ಹೀಗೆ ಮೂರು ಸಲ ಪರೀಕ್ಷಿಸುವುದು ಬಲ್ಲವರ ಕ್ರಮ.

ನಾಲ್ಕನೆಯದು ತಂತಿ ಎಳೆಯುವುದು. ಫೇಸಿಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲಿಗೆ ಕಪ್ಪು, ಅರ್ತಿಗೆ ಹಸುರು ಎಂಬುದು ನಮ್ಮ ಮನೆಗಳ ವೈರಿಂಗಿನ ವರ್ಣಸಂಕೇತ. ಯಂತ್ರಗಳೊಡನೆ ಬರುವ ಮೆದು ತಂತಿಯಲ್ಲಾದರೋ ಫೇಸು ಕಂದು, ನ್ಯೂಟ್ರಲು ನೀಲಿ, ಅರ್ತು ಹಸುರು-ಹಳದಿ. ಗೋಡೆಯಲ್ಲಿ ನೀಲಿ ಫೇಸಾಗಿರಬಹುದು, ಯಂತ್ರದಲ್ಲಿ ನೀಲಿ ನ್ಯೂಟ್ರಲ್. ಈ ಭೇದವನ್ನು ಮರೆಯಬಾರದು. ಕೊಳವೆಯೊಳಗೆ ಎಲ್ಲಿಯೂ ತಂತಿಗಳನ್ನು ಹೊಸೆದು ಗಂಟು ಹಾಕಕೂಡದು. ಸ್ವಿಚ್ಚು ಫೇಸ್ ತಂತಿಯಲ್ಲಿಯೇ ಇರಬೇಕು. ನ್ಯೂಟ್ರಲಿನಲ್ಲಿದ್ದರೆ ಸ್ವಿಚ್ಚು ಆರಿಸಿದಾಗ ಯಂತ್ರ ನಿಂತರೂ ಅದರೊಳಗೆ 230 ವೋಲ್ಟ್ ಹಾಗೆಯೇ ಉಳಿದಿರುತ್ತದೆ.

ಕೊನೆಯದು ಪರೀಕ್ಷೆ. ಅರ್ತ್ ತಂತಿ ಸಾಕೆಟ್ಟಿನಿಂದ ಗುಂಡಿಯವರೆಗೆ ಅಖಂಡವಾಗಿದೆಯೇ, ಫೇಸ್-ನ್ಯೂಟ್ರಲ್‌ಗಳು ಅದಲುಬದಲಾಗಿಲ್ಲವೇ, 500 ವೋಲ್ಟ್‌ನ ಮೆಗ್ಗರಿನಿಂದ ಅಳೆದಾಗ ಹೊದಿಕೆಯ ರೋಧ ಕನಿಷ್ಠ 1 ಮೆಗಓಮ್ ಇದೆಯೇ ಎಂಬುದನ್ನು ಯಂತ್ರ ಜೋಡಿಸುವುದಕ್ಕೆ ಮುಂಚೆಯೇ ತಿಳಿಯಬೇಕು.

ಯಾರು ಮಾಡಬೇಕು?

ಇಷ್ಟೆಲ್ಲ ಓದಿದ ವಿದ್ಯಾರ್ಥಿಗೆ ಸ್ಕ್ರೂಡ್ರೈವರನ್ನು ಕೈಗೆತ್ತಿಕೊಳ್ಳುವ ಉತ್ಸಾಹ ಬರಬಹುದು. ಅದಕ್ಕೆ ಇಲ್ಲಿ ಅವಕಾಶವಿಲ್ಲ. ಬಲ್ಬು, ಫ್ಯೂಸು, ಸ್ವಿಚ್ಚುಗಳನ್ನು ಇದ್ದಂತೆಯೇ ಬದಲಾಯಿಸುವುದನ್ನು ಬಿಟ್ಟು, ಹೊಸದಾಗಿ ಸೇರಿಸುವ ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳು ವಿಧಿಸಿದ್ದವು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳೂ ಇದನ್ನೇ ಹೇಳುತ್ತವೆ. ಕರ್ನಾಟಕದಲ್ಲಿ ಈ ಪರವಾನಗಿಯ ವ್ಯವಹಾರ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಸೇರಿದೆ.

ಆದರೆ ಕೆಲಸ ಅವರದಾದರೂ ಪ್ರಶ್ನೆಗಳು ನಮ್ಮವು. ತಂತಿಯ ಅಡ್ಡಕೊಯ್ತ ಎಷ್ಟು? ಅದು ಮುಖ್ಯ ಬೋರ್ಡಿನಿಂದಲೇ ಬರುತ್ತದೆಯೋ, ದೀಪದ ಬೋರ್ಡಿನಿಂದಲೋ? ಅದಕ್ಕೆ ತಕ್ಕ ಎಂ.ಸಿ.ಬಿ. ಯಾವುದು? ಮೂರನೆಯ ತಂತಿ ಎಲ್ಲಿಯವರೆಗೆ ಹೋಗುತ್ತದೆ? ಆರ್.ಸಿ.ಸಿ.ಬಿ. ಇದೆಯೆ? ಗಾರೆ ಮೆತ್ತಿ ಸುಣ್ಣ ಬಳಿದ ಮೇಲೆ ಈ ಪ್ರಶ್ನೆಗಳಿಗೆ ಗೋಡೆ ಉತ್ತರ ಕೊಡದು. ಗಾರೆ ಮೆತ್ತುವ ಮೊದಲೇ ಕೇಳುವವರೊಬ್ಬರು ಮನೆಯಲ್ಲಿರಬೇಕು. ಓಮನ ನಿಯಮವನ್ನು ಓದಿದವರಿಗಿಂತ ಅದಕ್ಕೆ ತಕ್ಕವರು ಯಾರು?

ಅಭ್ಯಾಸ

ಯಾವ ಪೆಟ್ಟಿಗೆಯನ್ನೂ ಬಿಚ್ಚದೆ, ಯಾವ ತಂತಿಯನ್ನೂ ಮುಟ್ಟದೆ ಇವುಗಳನ್ನು ಮಾಡಬಹುದು.

1. ಮನೆಯ ಪ್ರತಿಯೊಂದು ಯಂತ್ರದ ಮೇಲೆ ಮುದ್ರಿಸಿರುವ ವಾಟ್‌ಗಳನ್ನು ಬರೆದುಕೊಂಡು, ಒಂದೊಂದೂ ಎಳೆಯುವ ಪ್ರವಾಹವನ್ನು ಕಂಡುಹಿಡಿಯಿರಿ. 6 ಆಂಪಿಯರ್ ಮೀರುವ ಯಂತ್ರ ಯಾವುದಾದರೂ ಚಿಕ್ಕ ಸಾಕೆಟ್ಟಿನಲ್ಲಿದೆಯೆ?

2. ಎಂ.ಸಿ.ಬಿ.ಗಳ ಮೇಲಿನ ಅಂಕಿಗಳನ್ನು ಓದಿರಿ. ಒಂದೇ ಮಂಡಲದಲ್ಲಿ ಒಟ್ಟಿಗೆ ನಡೆಯುವ ಯಂತ್ರಗಳ ಪ್ರವಾಹವನ್ನು ಕೂಡಿ ಹೋಲಿಸಿರಿ.

3. 3000 ವಾಟ್‌ನ ಗೀಸರಿಗೆ 10 ಮೀಟರ್ ದೂರದಿಂದ 2.5 ಚದರ ಮಿಲಿಮೀಟರ್‌ನ ತಂತಿ ಎಳೆದರೆ ತಂತಿಯಲ್ಲಿ ವ್ಯಯವಾಗುವ ಸಾಮರ್ಥ್ಯವೆಷ್ಟು? 4 ಚದರ ಮಿಲಿಮೀಟರ್‌ನದಾದರೆ ಎಷ್ಟು?

4. ಅರ್ತ್ ಗುಂಡಿಯ ರೋಧ 8 ಓಮ್‌ನಿಂದ 28 ಓಮ್‌ಗೆ ಏರಿದರೆ, ಮೇಲಿನ ಉದಾಹರಣೆಯಲ್ಲಿ 16 ಆಂಪಿಯರ್‌ನ ಎಂ.ಸಿ.ಬಿ. ಎಂದಾದರೂ ಬೀಳುವುದೆ? 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ.?